ಜೇಷ್ಠಮಧುವಿಗೆ ಜೋಡಿ ಬೇಕು

ಹೋದ ಎಳ್ಳ ಅಮಾವಾಸ್ಯೆ ದಿನ ನಮ್ಮಪ್ಪ ಹೊಲದ ಬದುವಿನ ಮೇಲೆ ಕೂತವರು ಏಳಲೇ ಇಲ್ಲ. ಬೀದರ್, ಕಲಬುರಗಿ ಕಡೆಯವರಿಗೆ ಈ ಹಬ್ಬ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೆ. ಭಜ್ಜಿ, ಸಜ್ಜೆ ರೊಟ್ಟಿ, ಕಡುಬು, ಅಂಬಲಿ, ಎಲ್ಲಾ ಮೊದಲು ಭೂಮಿತಾಯಿಗೆ, ಆಮೇಲೆ ನಮಗೆ. ಹೊಲದ ತುಂಬಾ ಸುತ್ತಾಡಿ ಚರಗ ಚೆಲ್ಲೋದು ಪ್ರತಿ ವರ್ಷ ಅಪ್ಪನ ಕೆಲಸ. ಆ ಸಲ ಅರ್ಧ ಸುತ್ತು ಹೋಗಿ ಕೂತುಬಿಟ್ಟರು.

"ಕಾಲಾಗ ಜೀವಾನೇ ಇಲ್ಲದಂಗ ಆಗ್ಯಾದ, ಯವ್ವಾ. ನೀ ಚೆಲ್ಲು ಹೋಗು" ಅಂದರು.

ನೋಡಿದರೆ ಪಾದ ಊದಿತ್ತು. ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತಂಗೆ ಕಾಣ್ತಿತ್ತು. ಅವ್ವ ಹೇಳಿದಳು, ಎಂಟು ದಿನದಿಂದ ಹಿಂಗೇ ಇದೆ, ನಿನಗೆ ಹೇಳಬೇಡ ಅಂದಿದ್ದರು ಅಂತ. ಸಂಜೆ ಬಸವಕಲ್ಯಾಣಕ್ಕೆ ವಾಪಸ್ ಬಂದು ಸೀದಾ ಡಾಕ್ಟರ್ ಹತ್ತಿರ ಕರಕೊಂಡು ಹೋದೆ. ಬಿಪಿ 180/100. ದಿನಾ ಗುಳಿಗೆ ತಗೊಳ್ಳೋ ಮನುಷ್ಯನಿಗೆ! ಮರುದಿನ ರಕ್ತ ಪರೀಕ್ಷೆ ಬಂತು. ಪೊಟ್ಯಾಸಿಯಂ 3.5ರ ಮೇಲೆ ಇರಬೇಕು, ಅಪ್ಪನದು 2.9.

ಡಾಕ್ಟರ್ ರಿಪೋರ್ಟ್ ನೋಡಿ ಕೇಳಿದ ಮೊದಲ ಪ್ರಶ್ನೆ ಇದು: "ಮನೆಯೊಳಗ ಏನರ ಕಷಾಯ, ಪುಡಿ ಅಂತ ತಗೊಳ್ಳತ್ತೀರೇನ್ರಿ?"

ಅಪ್ಪ ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದರು. "ಮಗಳು ತಂದುಕೊಟ್ಟಾಳ್ರಿ. ಜೇಷ್ಠಮಧು. ಸಕ್ಕರೆ ಬಿಟ್ಟು ಎರಡು ತಿಂಗಳಾತು, ಚಹಾದಾಗ ಅದೇ ಹಾಕ್ಕೋತೀನಿ."

ಹೌದು. ದೀಪಾವಳಿಗೆ ಹೈದರಾಬಾದಿನಿಂದ ಬರುವಾಗ ಪುಡಿ ತಂದುಕೊಟ್ಟವಳು ನಾನೇ. ಅಪ್ಪನಿಗೆ ಆಗಷ್ಟೇ ಶುಗರ್ ಶುರುವಾಗಿತ್ತು, ಸಿಹಿ ಇಲ್ಲದ ಚಹಾ ಗಂಟಲಲ್ಲಿ ಇಳೀತಿರಲಿಲ್ಲ. ಫೋನಿನಲ್ಲಿ ಎಲ್ಲೋ ಓದಿದ್ದೆ, "ನೈಸರ್ಗಿಕ ಸಿಹಿ, ಸಕ್ಕರೆಗೆ ಪರ್ಯಾಯ" ಅಂತ. ಎಷ್ಟು ಅಂತ ಓದಲಿಲ್ಲ. ಯಾರಿಗೆ ಬೇಡ ಅನ್ನೋದನ್ನೂ ಓದಲಿಲ್ಲ.

ಈ ಅಂಕಣದಲ್ಲಿ ಸಾಮಾನ್ಯವಾಗಿ ನಾನು ಒಂದು ಡಬ್ಬಿ ತೆಗೆದು ಅದರೊಳಗಿನ ಸಾಮಾನಿನ ಬಗ್ಗೆ ಬರೀತೀನಿ. ಈ ಸಲದ ಡಬ್ಬಿ ಇದೇ. ಬರೆಯೋಕೆ ಮುಂಚೆ ನನ್ನ ತಪ್ಪು ಒಪ್ಪಿಕೊಳ್ಳದೆ ಹೋದರೆ ಮುಂದೆ ಹೇಳೋ ಅಡುಗೆಗೆ ಅರ್ಥ ಇರಲ್ಲ.

ಆ ಬೇರು ಮಾಡಿದ್ದೇನು?

ಜೇಷ್ಠಮಧುವಿಗೆ ನಮ್ಮ ಗಡಿ ಜಿಲ್ಲೆಯಲ್ಲಿ ಹೆಸರು ಹಲವು. ಕನ್ನಡದಲ್ಲಿ ಜೇಷ್ಠಮಧು, ಅತಿಮಧುರ. ಆಯುರ್ವೇದದವರು ಯಷ್ಟಿಮಧು ಅಂತಾರೆ, ಯಷ್ಟಿ ಅಂದರೆ ಕೋಲು. ಮರಾಠಿ ಮಾತಾಡುವ ಮನೆಗಳಲ್ಲಿ ಜೇಷ್ಠಮಧ, ಉರ್ದು ಮನೆಗಳಲ್ಲಿ ಮುಲೇಠಿ, ಹಕೀಮರ ಚೀಟಿಯಲ್ಲಿ ಅಸ್ಲುಸ್ಸೂಸ್. ನೆಗಡಿ ಬಂದಾಗ ಕುಡಿಯೋ ಜೋಶಾಂದಾದಲ್ಲಿ ಇದು ಇದ್ದೇ ಇರುತ್ತೆ. ಗ್ರೀಕ್ ಮೂಲದ ಇದರ ವೈಜ್ಞಾನಿಕ ಹೆಸರಿನ ಅರ್ಥವೂ ಸಿಹಿ ಬೇರು ಅಂತಲೇ. ನಮ್ಮ ದುಕಾನುಗಳಿಗೆ ಬರೋ ಬೇರು ಹೆಚ್ಚಾಗಿ ಅಫ್ಘಾನಿಸ್ತಾನ, ಇರಾನ್, ಮಧ್ಯ ಏಷ್ಯಾದ ಕಡೆಯದು.

ಅದರ ಸಿಹಿಗೆ ಕಾರಣ ಗ್ಲಿಸಿರೈಜಿನ್ ಅನ್ನೋ ಪದಾರ್ಥ. ಸಕ್ಕರೆಗಿಂತ ಸುಮಾರು 50 ಪಟ್ಟು ಸಿಹಿ ಅಂತ ಲೆಕ್ಕ. ತೊಂದರೆ ಇರೋದು ಇಲ್ಲೇ. ನಮ್ಮ ಮೈಯಲ್ಲಿ ಕಾರ್ಟಿಸಾಲ್ ಅನ್ನೋ ಹಾರ್ಮೋನು ಇದೆಯಲ್ಲ, ಅದು ಮೂತ್ರಪಿಂಡದಲ್ಲಿ ಉಪ್ಪು ಹಿಡಿದಿಡೋ ಕೆಲಸಕ್ಕೆ ಕೈಹಾಕದಂತೆ ಅಲ್ಲೊಂದು ಕಿಣ್ವ ಕಾವಲು ಕಾಯುತ್ತೆ. ಗ್ಲಿಸಿರೈಜಿನ್ ಆ ಕಾವಲುಗಾರನನ್ನೇ ಮಲಗಿಸುತ್ತೆ. ಆಗ ಮೈಯಲ್ಲಿ ಉಪ್ಪು, ನೀರು ಉಳಿಯುತ್ತೆ, ಪೊಟ್ಯಾಸಿಯಂ ಹೊರಗೆ ಹೋಗುತ್ತೆ. ಬಿಪಿ ಏರುತ್ತೆ, ಕಾಲು ಊದುತ್ತೆ, ಸ್ನಾಯು ಸೋಲುತ್ತೆ, ಹೆಚ್ಚಾದರೆ ಎದೆಬಡಿತವೇ ತಪ್ಪಬಹುದು. ಬಿಪಿಗೆ ಅಪ್ಪ ತಗೊಳ್ಳೋ ಗುಳಿಗೆಯಲ್ಲಿ ಮೂತ್ರ ಹೆಚ್ಚಿಸೋ ಔಷಧ ಇತ್ತು. ಅದೂ ಪೊಟ್ಯಾಸಿಯಂ ಕಳೆಯುವಂಥದ್ದೇ. ಎರಡೂ ಸೇರಿ ಅಪ್ಪನನ್ನ ಬದುವಿನ ಮೇಲೆ ಕೂರಿಸಿದವು.

ಯುರೋಪಿನ ಆಹಾರ ವಿಜ್ಞಾನ ಸಮಿತಿ 2003ರಲ್ಲಿ ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ದಾಟಬೇಡಿ ಅಂತ ಹೇಳಿದೆ. ಅಪ್ಪನ ಲೆಕ್ಕ ಹಾಕಿ ನೋಡೋಣ. ಸಣ್ಣ ಚಮಚದ ಪುಡಿ ಸುಮಾರು 2 ಗ್ರಾಂ. ದಿನಕ್ಕೆ ಮೂರು ಚಹಾ ಅಂದರೆ 6 ಗ್ರಾಂ. ಬೇರಿನಲ್ಲಿ ಈ ಅಂಶ ಒಂದೊಂದರಲ್ಲಿ ಒಂದೊಂದು ಥರ ಇರುತ್ತೆ. ನೂರಕ್ಕೆ 4 ಪಾಲು ಅಂತ ಹಿಡಿದರೂ ದಿನಕ್ಕೆ 240 ಮಿಲಿಗ್ರಾಂ. ಅದೂ ಎರಡು ತಿಂಗಳು, ಒಂದು ದಿನ ತಪ್ಪದೆ.

ಪುಡಿ ನಿಲ್ಲಿಸಿ, ಡಾಕ್ಟರ್ ಕೊಟ್ಟ ಪೊಟ್ಯಾಸಿಯಂ ಔಷಧ ತಗೊಂಡು, ಅಪ್ಪ ಮೊದಲಿನಂತೆ ಓಡಾಡೋಕೆ ಮೂರು ವಾರ ಬೇಕಾಯ್ತು. ಆ ಮೂರು ವಾರದಲ್ಲಿ ನನಗೆ ಆಫೀಸಿನಲ್ಲಿ ಏನು ಕೆಲಸ ಮಾಡಿದೆ ಅಂತಲೂ ನೆನಪಿಲ್ಲ.

ಖಾಲಾ ಹೇಳಿದ ಮಾತು

ಅವ್ವ ಡಬ್ಬಿಯನ್ನೇ ತಿಪ್ಪೆಗೆ ಎಸೀತೀನಿ ಅಂತ ನಿಂತಿದ್ದಳು. ನನಗೂ ಅದೇ ಸರಿ ಅನಿಸಿತ್ತು. ಮನಸ್ಸು ಬದಲಾಗಿದ್ದು ಹುಮನಾಬಾದಿನಲ್ಲಿ.

ಹೈದರಾಬಾದಿಗೂ ನಮ್ಮೂರಿಗೂ ನಡುವೆ ಹೆದ್ದಾರಿಯಲ್ಲೇ ಹುಮನಾಬಾದ್ ಸಿಗುತ್ತೆ. ಅಲ್ಲಿ ನನ್ನ ಕಾಲೇಜಿನ ಗೆಳತಿಯ ಮನೆ ಇದೆ. ವೀರಭದ್ರೇಶ್ವರ ಜಾತ್ರೆಗೆ ಹೋದಾಗ ಅವಳ ಅಮ್ಮನಿಗೆ, ನಾನು ಖಾಲಾ ಅಂತೀನಿ, ನಡೆದದ್ದೆಲ್ಲಾ ಹೇಳಿದೆ. ಖಾಲಾ ಪೂರ್ತಿ ಕೇಳಿ, ಒಳಗೆ ಹೋಗಿ ಒಂದು ಬಿಳಿ ಬಟ್ಟೆಯ ಸಣ್ಣ ಗಂಟು ತಂದು ತೋರಿಸಿದರು. ಪೊಟ್ಲಿ. ಅದರೊಳಗೆ ಚಕ್ಕೆ, ಚಕ್ರಮೊಗ್ಗು, ಕರಿಮೆಣಸು, ಜೊತೆಗೆ ಕಿರುಬೆರಳಿನಷ್ಟು ಮುಲೇಠಿ ಕಡ್ಡಿ.

"ನಾವೂ ಹಾಕ್ತೀವಿ ಬೇಟಾ. ಖರೆ ಪುಡಿ ಹಾಕಂಗಿಲ್ಲ. ಹಿಂಗ ಕಟ್ಟಿ ಬಿಡೋದು, ವಾಸನಿ ಬಂತಂದ್ರ ತೆಗೆಯೋದು. ದವಾ ಬೇರೆ, ಖಾನಾ ಬೇರೆ. ನೀ ಖಾನಾದಾಗ ದವಾ ಹಾಕಿದಿ, ಅದೂ ಒಂದೇ."

ಅದೂ ಒಂದೇ! ಆ ಕಡೆಯ ಮಾತು ಬಸ್ಸಿನಲ್ಲಿ ರಾಜೇಶ್ವರ ದಾಟೋವರೆಗೂ ತಲೆಯಲ್ಲಿ ಸುತ್ತಿತು. ಸಿಹಿಯ ಪೂರ್ತಿ ಹೊರೆಯನ್ನ ಒಂದೇ ಬೇರಿನ ತಲೆ ಮೇಲೆ ಹೊರಿಸಿದ್ದೆ ನಾನು. ಅಡುಗೆಯಲ್ಲಿ ಅದರ ಜೊತೆಗೆ ಸರಿಯಾದ ಜೋಡಿ ಇಟ್ಟರೆ ಚೂರೇ ಚೂರು ಸಾಕಾಗುತ್ತೆ. ಜೋಡಿ ಹುಡುಕೋದು ರುಚಿಗೆ ಮಾತ್ರ ಅಲ್ಲ, ಅಳತೆ ಇಳಿಸೋಕೂ ಅದೇ ದಾರಿ.

ನಮ್ಮೂರಿನವರಿಗೆ ಇದು ಹೊಸ ವಿಷಯ ಆಗಬಾರದು. ಬಸವಕಲ್ಯಾಣ ಅಂದರೆ ಹಳೇ ಕಲ್ಯಾಣ, ಚಾಲುಕ್ಯರ ರಾಜಧಾನಿ. ಅದೇ ಚಾಲುಕ್ಯ ವಂಶದ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯ ಕನ್ನಡದಲ್ಲಿ ಬರೆದ ಲೋಕೋಪಕಾರದಲ್ಲಿ ಅಡುಗೆಯ ಮಾತೂ ಇದೆ, ಔಷಧದ ಮಾತೂ ಇದೆ, ಆದರೆ ಬೇರೆ ಬೇರೆ ಅಧ್ಯಾಯಗಳಲ್ಲಿ. ಆಮೇಲೆ 12ನೇ ಶತಮಾನದಲ್ಲಿ ಮೂರನೇ ಸೋಮೇಶ್ವರ ಬರೆದ ಮಾನಸೋಲ್ಲಾಸದಲ್ಲಿ ಅನ್ನಕ್ಕೊಂದು, ಪಾನೀಯಕ್ಕೊಂದು, ತಾಂಬೂಲಕ್ಕೊಂದು ಅಂತ ಭಾಗಗಳಿವೆ. ಒಂದು ಊಟದಲ್ಲಿ ಏನು, ಯಾವುದರ ಜೊತೆ, ಎಷ್ಟು ಅಂತ ಯೋಚನೆ ಮಾಡಿದ ಊರು ನಮ್ಮದು. ನಾನು ಅದೇ ಊರಿನವಳಾಗಿ ಚಮಚ ಎಷ್ಟು ಅಂತ ಕೇಳದೆ ಸುರಿದೆ.

ಯಾವುದರ ಜೊತೆ ಹೊಂದುತ್ತೆ?

ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ಕಡ್ಡಿಯ ಚೂರೊಂದನ್ನ ಬಾಯಲ್ಲಿ ಇಟ್ಟು ಅಗಿಯಿರಿ. ಮೊದಲು ಕಟ್ಟಿಗೆಯ ರುಚಿ, ಆಮೇಲೆ ಸ್ವಲ್ಪ ಒಗರು. ಸಿಹಿ ತಡವಾಗಿ ಬರುತ್ತೆ, ಬಂದ ಮೇಲೆ ಹೋಗೋದೇ ಇಲ್ಲ. ಸಕ್ಕರೆ ಹಾಗಲ್ಲ, ನಾಲಿಗೆಗೆ ತಾಗಿದ ಕೂಡಲೇ ಬಂದು ಹೋಗಿಬಿಡುತ್ತೆ. ಜೇಷ್ಠಮಧುವಿನ ಜೋಡಿಗಳೆಲ್ಲಾ ಈ ಒಂದು ಗುಣದ ಮೇಲೆ ನಿಂತಿವೆ. ಮೊದಲು ಬರೋ ರುಚಿಯೊಂದು ಬೇಕು, ಕೊನೆಗೆ ಆ ಉಳಿದ ಸಿಹಿಯನ್ನ ಕತ್ತರಿಸೋ ರುಚಿಯೊಂದು ಬೇಕು.

ಹುಳಿ. ನಿಂಬೆ, ಹುಣಸೆ, ಮಾವಿನಕಾಯಿ. ಹುಳಿ ನಾಲಿಗೆಗೆ ಥಟ್ಟನೆ ತಾಗುತ್ತೆ, ಹಿಂದೆಯೇ ಸಿಹಿ ನಿಧಾನಕ್ಕೆ ಬಂದು ಸೇರುತ್ತೆ. ನಡುವಿನ ಖಾಲಿ ಜಾಗ ತುಂಬುತ್ತೆ. ನನ್ನ ಲೆಕ್ಕದಲ್ಲಿ ಇದು ಮೊದಲನೇ ಜೋಡಿ.

ಖಾರ. ಒಣಶುಂಠಿ, ಕರಿಮೆಣಸು. ಇವು ಗಂಟಲಲ್ಲಿ ಉಳಿಯುವ ಸಿಹಿಯನ್ನ ತೊಳೆದಂಗೆ ಮಾಡ್ತವೆ. ನೆಗಡಿಯ ಕಷಾಯದಲ್ಲಿ ಈ ಮೂರೂ ಒಟ್ಟಿಗೆ ಇರೋದು ಬರೀ ಔಷಧದ ಕಾರಣಕ್ಕಲ್ಲ, ಕುಡಿಯೋಕೆ ಚೆನ್ನಾಗಿರುತ್ತೆ ಅಂತಲೂ ಹೌದು.

ಸೋಂಪಿನ ಬಳಗ. ಸೋಂಪು, ಚಕ್ರಮೊಗ್ಗು. ಎಷ್ಟೋ ಜನ ಸೋಂಪಿನ ವಾಸನೆಯನ್ನೇ ಜೇಷ್ಠಮಧು ಅಂದುಕೊಳ್ತಾರೆ. ಸೋಂಪು, ಚಕ್ರಮೊಗ್ಗಿನ ಘಮಕ್ಕೆ ಕಾರಣ ಅನಿಥೋಲ್ ಅನ್ನೋ ಬೇರೆಯದೇ ಪದಾರ್ಥ, ಅದಕ್ಕೂ ತನ್ನದೇ ಸಿಹಿ ಇದೆ. ಹಾಗಾಗಿ ಇವು ಜೊತೆಗಿದ್ದರೆ ಬೇರು ಅರ್ಧ ಸಾಕು. ಚೀನಾದವರು ಮಾಂಸ ಬೇಯಿಸೋ ಮಸಾಲೆ ನೀರಿಗೆ ಚಕ್ರಮೊಗ್ಗು, ಚಕ್ಕೆ ಜೊತೆ ಜೇಷ್ಠಮಧುವಿನ ತೆಳು ಹೋಳು ಹಾಕೋದೂ ಇದೇ ಲೆಕ್ಕದಲ್ಲಿ. ಖಾಲಾನ ಪೊಟ್ಲಿಗೂ ಅದಕ್ಕೂ ಎಷ್ಟು ಹತ್ತಿರ ನೋಡಿ.

ಕಹಿ. ಕಾಫಿ, ಕೋಕೋ, ಬೇವಿನ ಹೂವು. ಕಹಿಯನ್ನ ಮುಚ್ಚೋ ಗುಣ ಜೇಷ್ಠಮಧುವಿಗೆ ಇದೆ, ಔಷಧದ ಸಿರಪ್‌ಗಳಲ್ಲಿ ಅದನ್ನ ಬಳಸೋದೂ ಅದಕ್ಕೇ.

ಉಪ್ಪು. ಚಿಟಿಕೆ ಉಪ್ಪು ಹಾಕಿದರೆ ಅದರ ಸಿಹಿ ಎದ್ದು ಕಾಣುತ್ತೆ. ಫಿನ್ಲೆಂಡ್, ನೆದರ್ಲೆಂಡ್ಸ್ ಕಡೆ ಉಪ್ಪು ಉಪ್ಪಾದ ಜೇಷ್ಠಮಧು ಮಿಠಾಯಿ ಮಕ್ಕಳೂ ತಿಂತಾರೆ. ನಮ್ಮ ಆಫೀಸಿಗೆ ಯಾರೋ ತಂದಿದ್ದರು, ನನಗೆ ಒಂದೇ ಸಾಕಾಯ್ತು.

ಹಾಲು, ತುಪ್ಪ. ಕೊಬ್ಬು ಅದರ ಒಗರನ್ನ ಮೆತ್ತಗೆ ಮಾಡುತ್ತೆ. ಗಜ್ಜರಿ, ಸಿಹಿಗುಂಬಳದಂಥ ತಾವೇ ಸಿಹಿಯಾದ ತರಕಾರಿಗಳ ಜೊತೆ ಹಾಲಿನಲ್ಲಿ ಚೆನ್ನಾಗಿ ಹೊಂದುತ್ತೆ.

ಹೊಂದದೇ ಇರೋದನ್ನೂ ಹೇಳಿಬಿಡ್ತೀನಿ. ಹಸಿ ಬೆಳ್ಳುಳ್ಳಿ, ಇಂಗು ಇರೋ ಕಡೆ ಬೇಡ. ಶೇಂಗಾ ಚಟ್ನಿಗೆ ಹಾಕಿ ನೋಡಿದೆ. ರೊಟ್ಟಿಗೆ ಕೆಮ್ಮಿನ ಔಷಧ ಹಚ್ಚಿಕೊಂಡು ತಿಂದಂಗಾಯ್ತು. ಹಾಸ್ಟೆಲಿನ ಗೆಳತಿಯರು ಇವತ್ತಿಗೂ ಬಿಟ್ಟಿಲ್ಲ ಆ ಮಾತು.

ಕಡ್ಡಿ ತಗೊಳ್ಳಿ, ಪುಡಿ ಬೇಡ

ಪುಡಿ ಎಷ್ಟು ಹಾಕಿದೆ ಅಂತ ಕಣ್ಣಿಗೆ ಗೊತ್ತಾಗಲ್ಲ, ಹಾಕಿದ ಮೇಲೆ ತೆಗೆಯೋಕೂ ಬರಲ್ಲ. ಅದರಲ್ಲಿ ಬೇರೆ ಏನು ಬೆರೆತಿದೆ ಅನ್ನೋದೂ ತಿಳಿಯಲ್ಲ. ಕಡ್ಡಿ ಹಾಗಲ್ಲ. ಹೊರಗೆ ಕಂದು, ಮುರಿದರೆ ಒಳಗೆ ಹಳದಿ, ನಾರುನಾರು. ಪೆನ್ಸಿಲ್ ದಪ್ಪದ ಒಂದು ಇಂಚಿನ ತುಂಡು ಹೆಚ್ಚುಕಡಿಮೆ 1 ಗ್ರಾಂ ಅಂತ ಲೆಕ್ಕ ಇಟ್ಟುಕೊಳ್ಳಿ. ಒರಳಲ್ಲಿ ಒಂದೇಟು ಕೊಟ್ಟು ಸೀಳಿಸಿ ಹಾಕಿ, ರುಚಿ ಬಂದ ಕೂಡಲೇ ತೆಗೆಯಿರಿ. ಐದರಿಂದ ಹತ್ತು ನಿಮಿಷ ಸಾಕು. ಹೆಚ್ಚು ಕುದಿಸಿದರೆ ಒಗರು, ಕಹಿ ಇಳಿಯುತ್ತೆ.

ಇನ್ನೊಂದು ಮಾತು. ಪಾನ್ ಅಂಗಡಿಯಲ್ಲಿ ಮರಾಠಿ ಕಡೆಯ ವಿಡ್ಯಕ್ಕೆ ಜೇಷ್ಠಮಧದ ಪುಡಿ ಹಾಕೋದು ನೋಡಿರ್ತೀರಿ. ಸಿಹಿಗೆ ಅಂತ ಗುಲಗಂಜಿಯ ಎಲೆಯನ್ನೂ ಹಾಕ್ತಾರೆ. ಗುಲಗಂಜಿ ಬೇರೆ ಗಿಡ. ಅದರ ಕೆಂಪು ಕಪ್ಪು ಬೀಜ ಭಾರೀ ವಿಷ. ಮನೆಯಲ್ಲಿ ಬೇಲಿ ಮೇಲೆ ಬಳ್ಳಿ ಇದೆ ಅಂತ ಅದನ್ನ ತಂದು ಪ್ರಯೋಗ ಮಾಡೋಕೆ ಹೋಗಬೇಡಿ, ಮಕ್ಕಳ ಕೈಗೂ ಸಿಗದಂಗೆ ನೋಡಿಕೊಳ್ಳಿ.

ನಾಲ್ಕು ಅಡುಗೆ

ಒಂದು, ಪಾನಕ. ನಾಲ್ಕು ಲೋಟಕ್ಕೆ ಒಂದು ಇಂಚಿನ ತುಂಡು. ಒಂದು ಲೋಟ ನೀರಲ್ಲಿ ಐದು ನಿಮಿಷ ಕುದಿಸಿ ಸೋಸಿ, ಆರಿಸಿ. ಮೂರು ಲೋಟ ತಣ್ಣೀರು, ಎರಡು ನಿಂಬೆಯ ರಸ, ಎರಡು ದೊಡ್ಡ ಚಮಚ ಬೆಲ್ಲ, ನಾಲ್ಕು ಮೆಣಸಿನ ಪುಡಿ, ಚಿಟಿಕೆ ಒಣಶುಂಠಿ, ಚಿಟಿಕೆ ಉಪ್ಪು. ನಾವು ಮಾಮೂಲಿ ಹಾಕೋ ಬೆಲ್ಲದಲ್ಲಿ ಇದು ಅರ್ಧ. ಒಬ್ಬರ ಪಾಲಿಗೆ ಬರೋ ಬೇರು ಕಾಲು ಗ್ರಾಂ. ಅಪ್ಪನ ದಿನದ 6 ಗ್ರಾಂ ಜೊತೆ ಹೋಲಿಸಿ ನೋಡಿ, ಜೋಡಿ ಅಂದರೆ ಏನು ಅಂತ ತಿಳಿಯುತ್ತೆ. ಈಜಿಪ್ಟ್, ಸಿರಿಯಾದಲ್ಲಿ ರಂಜಾನ್ ತಿಂಗಳಲ್ಲಿ ಬರೀ ಜೇಷ್ಠಮಧುವಿನದೇ ತಣ್ಣನೆ ಶರಬತ್ತು ಕುಡೀತಾರೆ. ನಮ್ಮ ನಿಂಬೆ ಪಾನಕಕ್ಕೆ ಅಷ್ಟು ಗಟ್ಟಿ ಬೇಕಾಗಿಲ್ಲ.

ಎರಡು, ಗಜ್ಜರಿ ಖೀರು. ಅರ್ಧ ಲೀಟರ್ ಹಾಲಿಗೆ ಒಂದು ಇಂಚಿನ ತುಂಡು, ಎರಡು ಏಲಕ್ಕಿ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಇಡಿ. ಕಡ್ಡಿ ತೆಗೆದು, ತುಪ್ಪದಲ್ಲಿ ಹುರಿದ ಗಜ್ಜರಿ ತುರಿ ಎರಡು ಬಟ್ಟಲು ಹಾಕಿ ಬೇಯಿಸಿ. ಕೊನೆಗೆ ಸಕ್ಕರೆ ಒಂದೊಂದೇ ಚಮಚ ಹಾಕ್ತಾ ರುಚಿ ನೋಡಿ. ಬೇಕಾಗೋದು ಬಹಳ ಕಡಿಮೆ. ಒಂದು ಚಮಚ ಹಾಕಿದ ಮೇಲೆ ಅರ್ಧ ನಿಮಿಷ ಕಾಯಿರಿ, ಬೇರಿನ ಸಿಹಿ ತಡವಾಗಿ ಬರುತ್ತೆ ಅನ್ನೋದು ಮರೀಬೇಡಿ. ನಾಲ್ಕು ಜನಕ್ಕೆ ಆಗುತ್ತೆ.

ಮೂರು, ಕಟ್ಟಿನ ಸಾರು. ಹೋಳಿಗೆ ಮಾಡಿದ ದಿನ ಬೇಳೆ ಬಸಿದ ಕಟ್ಟು ಇರುತ್ತಲ್ಲ, ಅದಕ್ಕೆ ಪೊಟ್ಲಿ ಬಿಡಿ. ಬಿಳಿ ಹತ್ತಿ ಬಟ್ಟೆಯಲ್ಲಿ ಒಂದು ಇಂಚು ಜೇಷ್ಠಮಧು, ಒಂದು ಚಕ್ಕೆ, ಮೂರು ಲವಂಗ, ಎಂಟು ಮೆಣಸು. ಸಾರು ಕುದಿಯುವಾಗ ಹತ್ತು ನಿಮಿಷ ಇಳಿಬಿಟ್ಟು ತೆಗೆಯಿರಿ. ಹುಣಸೆಹುಳಿ ಸ್ವಲ್ಪ ಮುಂದಾಗಿರಲಿ, ಬೆಲ್ಲ ಹಾಕಬೇಡಿ. ಒಗ್ಗರಣೆಗೆ ಇಂಗು ಬಿಟ್ಟು ಸಾಸಿವೆ, ಕರಿಬೇವು ಮಾತ್ರ. ಮಟನ್ ತಿನ್ನುವವರು ಇದೇ ಪೊಟ್ಲಿಗೆ ಒಂದು ಚಕ್ರಮೊಗ್ಗು ಸೇರಿಸಿ ಒಂದು ಕಿಲೋ ಮಾಂಸದ ಶೋರಬಾಕ್ಕೆ ಬಿಡಬಹುದು. ನಮ್ಮನೇಲಿ ಮಾಡಲ್ಲ, ಖಾಲಾ ಹೇಳಿದ ಅಳತೆ ಇದು.

ನಾಲ್ಕು, ಆಫೀಸಿನ ದಿನಕ್ಕೆ. ಬಿಸಿ ಕೋಕೋ. ಎರಡು ಲೋಟ ಹಾಲಿಗೆ ಅರ್ಧ ಇಂಚು ಕಡ್ಡಿ, ಕಿತ್ತಳೆ ಸಿಪ್ಪೆಯ ಒಂದು ಚೂರು, ಎರಡು ಚಮಚ ಕೋಕೋ ಪುಡಿ, ಒಂದು ಚಮಚ ಸಕ್ಕರೆ, ಉಪ್ಪಿನ ನಾಲ್ಕು ಹರಳು. ಕಹಿ, ಹುಳಿಯ ಘಮ, ಉಪ್ಪು, ಹಾಲು ಅಂತ ಮೇಲೆ ಹೇಳಿದ ನಾಲ್ಕೂ ಇದರಲ್ಲಿವೆ. ರಾತ್ರಿ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಕುಡಿಯಿರಿ. ವಾರಕ್ಕೆ ಒಂದೆರಡು ಸಲ, ದಿನಾ ಬೇಡ.

ಯಾರಿಗೆ ಬೇಡವೇ ಬೇಡ

ಬಿಪಿ ಇರುವವರು, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಮೂತ್ರ ಹೆಚ್ಚಿಸೋ ಗುಳಿಗೆ ತಗೊಳ್ಳುವವರು, ಬಸುರಿಯರು. ಇವರಿಗೆ ಮೇಲಿನ ಅಡುಗೆಗಳನ್ನ ಆ ಕಡ್ಡಿ ಬಿಟ್ಟು ಮಾಡಿಕೊಡಿ. ಉಳಿದವರೂ ಇದನ್ನ ದಿನದ ಸಕ್ಕರೆಯ ಜಾಗಕ್ಕೆ ತರಬೇಡಿ. ಆಯುರ್ವೇದದ ವೈದ್ಯರೋ ಹಕೀಮರೋ ಇದನ್ನ ಕೊಟ್ಟರೆ ನೀವು ತಗೊಳ್ಳೋ ಬೇರೆ ಗುಳಿಗೆಗಳ ಹೆಸರು ಅವರಿಗೆ ಹೇಳಿ. ನಿಮ್ಮ ಬಿಪಿ ಡಾಕ್ಟರ್‌ಗೂ ಇದರ ಹೆಸರು ಹೇಳಿ. ಬಸವಣ್ಣನವರ ಕಾಲದ ಶರಣರಲ್ಲಿ ವೈದ್ಯ ಸಂಗಣ್ಣ ಅಂತ ಒಬ್ಬರಿದ್ದರು, ವೈದ್ಯವೇ ಅವರ ಕಾಯಕ. ಕಾಯಕ ಅಂದಮೇಲೆ ಅದನ್ನ ಬಲ್ಲವರು ಮಾಡಬೇಕು. ಫೋನಿನಲ್ಲಿ ನಾಲ್ಕು ಸಾಲು ಓದಿದ ನನ್ನಂಥವರು ಮಾಡೋದಲ್ಲ.

ನಮ್ಮಂಥ ಊರು ಬಿಟ್ಟು ದುಡಿಯೋಕೆ ಹೋದವರ ಒಂದು ಅಭ್ಯಾಸ ಇದೆ. ದಿನಾ ಜೊತೆಗಿರೋಕಾಗಲ್ಲ ಅಂತ ಹಬ್ಬಕ್ಕೆ ಬರುವಾಗ ಏನಾದರೂ ತರ್ತೀವಿ. ಬಿಪಿ ಮಶೀನು, ಡ್ರೈಫ್ರೂಟ್ಸು, ಯಾವುದೋ ಪುಡಿ. ಅಪ್ಪ ಅವ್ವಂದಿರು ಅದನ್ನ ತಪ್ಪದೆ ತಗೊಳ್ತಾರೆ. ಒಳ್ಳೇದು ಅಂತಲ್ಲ, ನಾವು ತಂದಿದ್ದು ಅಂತ. ಅಪ್ಪ ಎರಡು ತಿಂಗಳು ಒಂದು ದಿನ ಬಿಡದೆ ಆ ಪುಡಿ ಕುಡಿದದ್ದು ಅದಕ್ಕೇ. ರುಚಿ ಹೆಂಗಿತ್ತು ಅಂತ ಆಮೇಲೆ ಕೇಳಿದೆ.

"ಛಲೋ ಇರಲಿಲ್ಲ, ಯವ್ವಾ. ಕಟ್ಟಗಿ ನೆನಸಿದ ನೀರಿನಂಗ ಇತ್ತು. ನೀ ತಂದಿದಿ ಅಂತ ಕುಡದೆ."

ಯುಗಾದಿಗೆ ಊರಿಗೆ ಹೋಗಿದ್ದೆ. ನಮ್ಮ ಕಡೆ ಆ ದಿನ ಬೇವು ಅಂದರೆ ಎಲೆ ಬೆಲ್ಲ ತಿನ್ನೋದಲ್ಲ, ಹೊಸ ಗಡಿಗೆಯಲ್ಲಿ ಹುಣಸೆಹುಳಿ, ಬೆಲ್ಲ, ಬೇವಿನ ಹೂವು, ಮಾವಿನಕಾಯಿ, ಪುಠಾಣಿ ಎಲ್ಲಾ ಹಾಕಿ ಮಾಡೋ ಪಾನಕ. ಹುಳಿ, ಕಹಿ, ಸಿಹಿ ಎಲ್ಲಾ ಒಂದೇ ಗಡಿಗೆಯಲ್ಲಿ. ಜೇಷ್ಠಮಧುವಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅಂತ ಗೊತ್ತಿದ್ದೂ ಗಡಿಗೆಗೆ ಹಾಕಲಿಲ್ಲ. ಅದರಲ್ಲಿ ಅಪ್ಪನೂ ಕುಡಿಯೋರು. ನನ್ನ ಲೋಟಕ್ಕೆ ಮಾತ್ರ ಸೋಸಿದ ನೀರು ಎರಡು ಚಮಚ ಬೆರೆಸಿಕೊಂಡೆ. ಅವ್ವ ಒಂದು ಗುಟುಕು ಕುಡಿದು ನೋಡಿ, ಏನೂ ಹೇಳದೆ ಲೋಟ ತಾನೇ ಇಟ್ಟುಕೊಂಡಳು.

ಡಬ್ಬಿ ಈಗ ಅಡುಗೆಮನೆಯ ಮೇಲಿನ ಹಲಗೆಯಲ್ಲಿದೆ. ಪುಡಿ ಚೆಲ್ಲಿ ಕಡ್ಡಿ ತುಂಬಿಟ್ಟಿದ್ದೀನಿ. ಮೇಲೆ ಚೀಟಿ ಅಂಟಿಸಿ ಬರೆದಿದ್ದೀನಿ: "ಅಪ್ಪನಿಗೆ ಬೇಡ." ಅಪ್ಪ ಈಗ ಚಹಾ ಸಪ್ಪಗೇ ಕುಡೀತಾರೆ. ಹದಿನೈದು ದಿನ ಮುಖ ಹಿಂಡಿದರಂತೆ, ಆಮೇಲೆ ರೂಢಿ ಆಯ್ತಂತೆ. ಮುಂದಿನ ಎಳ್ಳ ಅಮಾವಾಸ್ಯೆಗೆ ಚರಗ ಪೂರ್ತಿ ಸುತ್ತು ತಾವೇ ಚೆಲ್ಲೋದು ಅಂತ ಈಗಲೇ ಹೇಳಿಟ್ಟಿದ್ದಾರೆ.

ನಿಮ್ಮ ಮನೆಯಲ್ಲೂ ನೀವು ತಂದುಕೊಟ್ಟ ಯಾವುದೋ ಪುಡಿಯ ಡಬ್ಬಿ ಇರಬಹುದು. ಇವತ್ತು ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ. ಅದನ್ನ ದಿನಕ್ಕೆ ಎಷ್ಟು ಚಮಚ ತಗೊಳ್ತಾ ಇದ್ದೀರಿ ಅಂತ.